ಹೆಡ್‌ಮಿಸ್ಸಿನ ಗಂಟಲು

ಸೋಮವಾರ ಬೆಳಗ್ಗೆ ಕಣ್ಣು ಬಿಟ್ಟ ತಕ್ಷಣ ವತ್ಸಲಾ ಉಗುಳು ನುಂಗಿ ನೋಡಿದಳು. ಗಂಟಲು ಕೆರೆಯಿತು. ಇನ್ನೊಮ್ಮೆ ನುಂಗಿದಳು, ಮತ್ತೂ ಕೆರೆಯಿತು. ಬೇರೆ ದಿನವಾಗಿದ್ದರೆ ಒಂದು ಲೋಟ ಬಿಸಿನೀರು ಕುಡಿದು ಮರೆತುಬಿಡುತ್ತಿದ್ದಳು. ಆದರೆ ಒಂದೂವರೆ ವರ್ಷದಿಂದ ಬೀಗ ಬಿದ್ದಿದ್ದ ಅವಳ ಪ್ರೈಮರಿ ಶಾಲೆ ತೆರೆಯುವುದು ಆವತ್ತೇ. ಗಂಟಲು ಕೆರೆಯುವವರು, ಮೂಗು ಸೋರುವವರು ಯಾರೇ ಆಗಲಿ ಗೇಟು ದಾಟಕೂಡದೆಂದು ನಿಯಮ ಮಾಡಿದ್ದವಳು ಅಲ್ಲಿನ ಹೆಡ್‌ಮಿಸ್, ಅಂದರೆ ಅವಳೇ.

ಧೂಳಿರಬೇಕು ಎಂದುಕೊಂಡಳು. ವಾರವೆಲ್ಲ ಬೆಂಚು ಒರೆಸಿ, ಬೀರು ಝಾಡಿಸಿ, ಸೀಮೆಸುಣ್ಣದ ಪುಡಿ ಕುಡಿದ ಗಂಟಲು ಕೆರೆಯದೆ ಇನ್ನೇನು ಮಾಡೀತು? ಮೇಲಾಗಿ ಎರಡು ಡೋಸ್ ಲಸಿಕೆ ಆಗಿದೆ. ಇಷ್ಟೆಲ್ಲ ಸಮಾಧಾನ ಹೇಳಿಕೊಂಡರೂ ಕೈ ಮಾತ್ರ ಗಂಟಲ ಮೇಲೇ ಇತ್ತು.

ಗಂಡ ಸೇತುರಾಮನಿಗೆ ಹೇಳಬೇಕಾಗಲೇ ಇಲ್ಲ. ರಿಟೈರ್ ಆದ ಮೇಲೆ ಆ ಮನುಷ್ಯ ಕಷಾಯಕ್ಕೇ ತನ್ನನ್ನು ಅರ್ಪಿಸಿಕೊಂಡಿದ್ದ. ಮೆಣಸು, ಜೀರಿಗೆ, ತುಳಸಿ ಹಾಕಿ ಕುದಿಸಿದ್ದನ್ನು ಒಂದು ಲೋಟ ತಂದು ಮುಂದೆ ಹಿಡಿದ. ಆಮೇಲೆ ಕಾಫಿಪುಡಿಯ ಡಬ್ಬ ತಂದ. ಬಸವೇಶ್ವರನಗರದ ಆ ಮನೆಯಲ್ಲಿ ಮೊದಲ ಅಲೆಯಿಂದಲೂ ನಡೆದುಬಂದ ಪದ್ಧತಿ ಅದು. ದಿನ ಬೆಳಗಾದರೆ ಇಬ್ಬರೂ ಡಬ್ಬದೊಳಗೆ ಮೂಗಿಟ್ಟು ಮೂಸುವುದು, ಘಮ್ಮೆಂದರೆ ಆ ದಿನಕ್ಕೆ ಗೆದ್ದಂತೆ.

"ಬರ್ತಿದೆಯೇನೇ ವಾಸನೆ?" ಎಂದ.

"ಬರ್ತಿದೆ ರೀ" ಎಂದಳು.

ಬಂದಿತ್ತೇ? ಅಷ್ಟು ವರ್ಷ ಕುಡಿದ ಕಾಫಿಯ ವಾಸನೆ ಮೂಗಿಗಿಂತ ಮೊದಲು ನೆನಪಿಗೇ ಬಂದುಬಿಡುತ್ತದೆ. ಎರಡನೇ ಸಲ ಮೂಸಿ ಖಾತ್ರಿ ಮಾಡಿಕೊಳ್ಳಬಹುದಿತ್ತು. ಮಾಡಿಕೊಳ್ಳಲಿಲ್ಲ. ಹೆದರಿದ್ದಳು, ಅಷ್ಟೇ. ಡಬ್ಬದ ಮುಚ್ಚಳ ಬಿಗಿಯಾಗಿ ಹಾಕಿ ಸೀರೆಗೆ ಪಿನ್ ಚುಚ್ಚಿಕೊಂಡಳು.

ಅವಳ ಅವಸರಕ್ಕೆ ಕಾರಣವಿತ್ತು. ಹೆಗ್ಗನಹಳ್ಳಿಯ ಆ ಪುಟ್ಟ ಶಾಲೆಯಲ್ಲಿ ಅರ್ಧಕ್ಕರ್ಧ ಮಕ್ಕಳು ಉಳಿದಿರಲಿಲ್ಲ. ಕೆಲವರು ಊರಿಗೆ ಹೋದವರು ಬರಲೇ ಇಲ್ಲ, ಕೆಲವರು ಬೇರೆ ಕಡೆ ಸೇರಿಕೊಂಡರು. ಈ ಸಲ ಮಕ್ಕಳು ಬರದಿದ್ದರೆ ಕಟ್ಟಡವನ್ನು ಟ್ಯೂಷನ್ ಸೆಂಟರಿನವರಿಗೆ ಕೊಟ್ಟುಬಿಡುವುದೇ ಸೈ ಎಂದು ಟ್ರಸ್ಟಿನ ಕಾರ್ಯದರ್ಶಿ ಉದಯಕುಮಾರ್ ಖಡಾಖಂಡಿತ ಹೇಳಿದ್ದ. ಅದಕ್ಕೇ ವತ್ಸಲಾ ಕಾಲಿಗೆ ಚಕ್ರ ಕಟ್ಟಿಕೊಂಡು ಮನೆಮನೆ ಅಲೆದಿದ್ದಳು. ಕಿಟಕಿ ತೆರೆದೇ ಇರುತ್ತೆ, ಬೆಂಚಿಗೊಂದೇ ಮಗು, ಗೇಟಿನಲ್ಲಿ ನಾನೇ ನಿಂತು ನೋಡುತ್ತೇನೆ ಎಂದು ತಾಯಂದಿರಿಗೆ ಮಾತು ಕೊಟ್ಟಿದ್ದಳು. ಅದು ಬರೀ ಬಾಯಿಮಾತಲ್ಲ. ಎರಡನೇ ಅಲೆಯಲ್ಲಿ ಶಾಲೆಯ ಡ್ರಿಲ್ ಮೇಷ್ಟ್ರು ಚನ್ನವೀರೇಶ್ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ತೀರಿಕೊಂಡಾಗ, ಇನ್ನು ಈ ಗೇಟಿನೊಳಗೆ ಅಂಥದ್ದು ನುಸುಳಲು ಬಿಡುವುದಿಲ್ಲವೆಂದು ಅತ್ತುಕೊಂಡೇ ನಿಶ್ಚಯಿಸಿದ್ದಳು.

ಶಾಲೆಯ ಮುಂದೆ ಮಾವಿನ ತೋರಣ ಕಟ್ಟಿತ್ತು. ವತ್ಸಲಾ ಮಾಸ್ಕನ್ನು ಮೂಗಿನ ಮೇಲೆ ಒತ್ತಿಕೊಂಡು, ಜ್ವರ ನೋಡುವ ಗನ್ ಹಿಡಿದು ಗೇಟಿನಲ್ಲಿ ನಿಂತಳು. ಮಕ್ಕಳು ಬಂದರು. ಕೆಲವು ಎಷ್ಟು ಉದ್ದವಾಗಿದ್ದವೆಂದರೆ ಹೆಸರು ಕೇಳಿಯೇ ಗುರುತು ಹಿಡಿಯಬೇಕಾಯಿತು. ಖುಷಿಗೆ ಅವಳ ಕಣ್ಣು ತುಂಬಿತು. ಅದರ ಹಿಂದೆಯೇ ಕೆಮ್ಮು ಬಂತು, ನುಂಗಿಕೊಂಡಳು.

ಸಾಲಿನಲ್ಲಿ ಸುಮಾ ಬಂದಳು, ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುವವಳು. ಕೈಹಿಡಿದಿದ್ದ ಮಗಳು ದೀಪ್ತಿ ಎರಡನೇ ಕ್ಲಾಸು. ಒಂದನೇ ಕ್ಲಾಸನ್ನೆಲ್ಲ ಅಮ್ಮನ ಮೊಬೈಲಿನಲ್ಲೇ ಮುಗಿಸಿದ ಆ ಹುಡುಗಿ ಶಾಲೆಯ ಒಳಗನ್ನು ಕಂಡೇ ಇರಲಿಲ್ಲ. ಜ್ವರವಿರಲಿಲ್ಲ. ಆದರೆ ಮಾಸ್ಕು ಒದ್ದೆಯಾಗಿತ್ತು, ಮೂಗು ಸುರ್ ಸುರ್ ಎನ್ನುತ್ತಿತ್ತು. ಶೀತವಿದ್ದರೆ ಇವತ್ತು ಬೇಡ ಎಂದಳು ವತ್ಸಲಾ. ಶೀತವಲ್ಲ, ಹೆದರಿ ದಾರಿಯುದ್ದಕ್ಕೂ ಅತ್ತುಕೊಂಡು ಬಂದಿದ್ದಾಳೆ ಎಂದಳು ಸುಮಾ. ಸೂಪರ್‌ವೈಸರನ್ನು ಬೇಡಿಕೊಂಡು ಬೆಳಗಿನ ಹೊತ್ತಿಗೆ ಮಾತ್ರ ಪರ್ಮಿಷನ್ ತಂದಿದ್ದೇನೆ, ನಾಳೆ ಸಿಗುವುದಿಲ್ಲ ಎಂದೂ ಹೇಳಿದಳು.

"ರೂಲ್ಸ್ ಎಲ್ಲರಿಗೂ ಒಂದೇ ಸುಮಾ" ಎಂದಳು ವತ್ಸಲಾ.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಯಾರೂ ಹೇಳದೆಯೇ ಅವಳ ಕಿವಿಯಲ್ಲಿ ಕೇಳಿಸಿತು. ಸುಮಾ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ವತ್ಸಲಾಳ ಕೈ ತಾನಾಗಿ ಗಂಟಲಿಗೆ ಹೋಯಿತು. ಸುಮಾ ಮಗಳನ್ನು ಕರೆದುಕೊಂಡು ರಸ್ತೆ ದಾಟಿದಳು.

ಅಷ್ಟರಲ್ಲಿ ಟೀಚರ್ ರಾಗಿಣಿ ಆರತಿ ತಟ್ಟೆ ತಂದಳು. ಮಕ್ಕಳಿಗೆ ಆರತಿ ಎತ್ತಿಯೇ ಒಳಗೆ ಕರೆದುಕೊಳ್ಳಬೇಕು, ಫೋಟೋ ಬೇಕು ಎಂದು ಉದಯಕುಮಾರ್ ಹಟ ಹಿಡಿದಿದ್ದ. ಹಣೆ ಮುಟ್ಟಿ ಕುಂಕುಮ ಇಡುವುದು ಬೇಡವೇ ಬೇಡ ಎಂದು ವತ್ಸಲಾ ಚೌಕಾಸಿ ಮಾಡಿ ಬರೀ ಆರತಿಗೆ ಒಪ್ಪಿದ್ದಳು. ಇದ್ದವರಲ್ಲಿ ಹಿರಿಯ ಮುತ್ತೈದೆ ಅವಳೇ ಆದ್ದರಿಂದ ತಟ್ಟೆ ಅವಳ ಕೈಗೇ ಬಂತು. ಕೆಂಪು ನೀರು, ಅದರ ಮೇಲೆ ತೇಲುವ ವೀಳ್ಯದೆಲೆ, ಎಲೆಯ ಮೇಲೆ ಉರಿಯುವ ಕರ್ಪೂರ.

ಮೊದಲ ಮಗುವಿಗೆ ಎತ್ತಿದಳು. ಮಗು ಕಣ್ಣು ಮುಚ್ಚಿ ಮುಖ ಮೇಲೆತ್ತಿ ನಿಂತಿತ್ತು. ಎರಡನೆಯದು ಮಾಸ್ಕಿನೊಳಗೇ ಮೂಗು ಸೊಟ್ಟ ಮಾಡಿತು. ಪಕ್ಕದಲ್ಲಿದ್ದ ರಾಗಿಣಿ, ಕರ್ಪೂರ ಜಾಸ್ತಿ ಆಯ್ತೇನೋ, ಎಷ್ಟು ಘಾಟು ಎಂದು ಮುಖದ ಮುಂದೆ ಕೈ ಬೀಸಿಕೊಂಡಳು.

ವತ್ಸಲಾಳಿಗೆ ಯಾವ ಘಾಟೂ ಇರಲಿಲ್ಲ.

ಹೊಗೆ ನೆಟ್ಟಗೆ ಅವಳ ಮುಖಕ್ಕೇ ಬರುತ್ತಿತ್ತು. ಕಣ್ಣು ಉರಿಯಿತು, ಮೂಗಿಗೆ ಏನೂ ತಾಗಲಿಲ್ಲ. ತಟ್ಟೆಯನ್ನು ಮೆಟ್ಟಿಲ ಮೇಲೆ ಇಟ್ಟುಬಿಟ್ಟಳು. ಆರತಿಯನ್ನು ನಡುವೆ ಕೆಳಗಿಡಬಾರದು ಎಂದು ಯಾರೋ ಗೊಣಗಿದರು. ಕರ್ಪೂರದ ಪೊಟ್ಟಣ ತೆಗೆದುಕೊಂಡು ಯಾರೂ ಇಲ್ಲದ ಕಟ್ಟಡದ ಹಿಂಬದಿಗೆ ಹೋಗಿ, ಮಾಸ್ಕು ಇಳಿಸಿ, ಬಿಲ್ಲೆಯೊಂದನ್ನು ಮೂಗಿಗೇ ಹಿಡಿದಳು. ಸೀಮೆಸುಣ್ಣದ ಚೂರನ್ನು ಮೂಸಿದ ಹಾಗಿತ್ತು.

ಶನಿವಾರ ಶಾಲೆ ತೊಳೆದು ಮುಗಿಸಿ ಟೀಚರುಗಳೆಲ್ಲ ಒಟ್ಟಿಗೆ ಕೂತು, ಮಾಸ್ಕು ತೆಗೆದು, ನಗುನಗುತ್ತ ಇಡ್ಲಿ ತಿಂದಿದ್ದರು. ಈಗ ತಾನೊಬ್ಬಳು ಮನೆಗೆ ಹೋದರೆ ಸಾಲದು. ಅವರೆಲ್ಲರೂ ಟೆಸ್ಟ್ ಮಾಡಿಸಬೇಕು, ಶಾಲೆ ಇವತ್ತು ತೆರೆಯಲೇಬಾರದು.

ಹಿಂದೆಯೇ ಬಂದ ಉದಯಕುಮಾರನಿಗೆ ದೂರದಿಂದಲೇ ಹೇಳಿದಳು. ಅವನು ಪೆದ್ದನಲ್ಲ. ಬಿ.ಪಿ. ಅಂತ ಹೇಳಿ ಹಿಂದಿನ ಬಾಗಿಲಿನಿಂದ ಹೊರಟುಬಿಡಿ, ಟೀಚರುಗಳಿಗೆ ಸಂಜೆ ಸದ್ದಿಲ್ಲದೆ ಟೆಸ್ಟ್ ಮಾಡಿಸೋಣ, ಈಗ ಬಾಯಿ ಬಿಟ್ಟರೆ ಒಂದು ಮಗುವೂ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂದ. ಅವನ ಮಾತು ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು. ಹಿಂಬಾಗಿಲು ನಾಲ್ಕೇ ಹೆಜ್ಜೆ ದೂರದಲ್ಲಿತ್ತು. ಹೋಗಿಬಿಡಬೇಕೆಂದು ನಿಜವಾಗಿಯೂ ಅನ್ನಿಸಿತು. ಇಷ್ಟು ದಿನ ಅಲೆದದ್ದೆಲ್ಲ ನೀರುಪಾಲಾಗುವುದನ್ನು ನೆನೆದು ಅಳು ಬಂತು.

ಮಾಸ್ಕು ಏರಿಸಿಕೊಂಡು ಮುಂದಕ್ಕೆ ಬಂದಳು. ಜನರಿಂದ ದೂರ, ಕಾಂಪೌಂಡಿನ ಮೂಲೆಯಲ್ಲಿ ನಿಂತಳು.

"ಎಲ್ಲಾರೂ ಕೇಳಿಸ್ಕೊಳಿ. ನನಗೆ ಕರ್ಪೂರದ ವಾಸನೆ ಬರ್ತಿಲ್ಲ. ಶನಿವಾರ ನಾವು ಟೀಚರ್ಸ್ ಎಲ್ಲಾ ಒಟ್ಟಿಗೆ ತಿಂಡಿಗೆ ಕೂತಿದ್ವಿ. ಎಲ್ರೂ ಟೆಸ್ಟ್ ಮಾಡಿಸೋ ತನಕ ಶಾಲೆ ತೆಗೆಯಲ್ಲ. ಮಕ್ಕಳನ್ನ ಮನೆಗೆ ಕರ್ಕೊಂಡು ಹೋಗಿ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲರಿಗೂ ಒಟ್ಟಿಗೇ ಅರ್ಥವಾಯಿತು. ತಾಯಂದಿರು ಮಕ್ಕಳನ್ನು ರೆಟ್ಟೆ ಹಿಡಿದು ಎಳೆದುಕೊಂಡರು. ಮನೆಗೆ ಬಂದು ಅಷ್ಟೊಂದು ಉಪದೇಶ ಮಾಡಿದ್ದು ಇದಕ್ಕೇನಾ ಎಂದು ಒಬ್ಬಳು ಕೇಳಿದಳು. ಇನ್ನೊಬ್ಬರು ಟಿ.ಸಿ. ಕೊಟ್ಟುಬಿಡಿ ಎಂದರು. ಆರತಿ ಎತ್ತಿಸಿಕೊಂಡ ಮಕ್ಕಳ ಮನೆಯವರಿಗೆ ಮಕ್ಕಳ ಮೇಲೆ ಕಣ್ಣಿಟ್ಟಿರಲು ರಾಗಿಣಿ ಬಿಡಿಸಿ ಹೇಳುತ್ತಿದ್ದಳು. ಉದಯಕುಮಾರ್ ಫೋನು ಕಿವಿಗಿಟ್ಟುಕೊಂಡು ಕಾರಿನೊಳಗೆ ಕೂತುಬಿಟ್ಟ. ನೋಡನೋಡುತ್ತಿದ್ದಂತೆ ಅಂಗಳ ಖಾಲಿಯಾಯಿತು.

ಗೇಟಿನ ಹೊರಗೆ, ರಸ್ತೆಯ ಆಚೆ, ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಬಳಿ ಸುಮಾ ಇನ್ನೂ ನಿಂತಿದ್ದಳು. ಒಳಗೆ ಬಿಡದಿದ್ದರೂ ಆರತಿಯನ್ನಾದರೂ ನೋಡಲಿ ಎಂದು ಮಗಳನ್ನು ಅಲ್ಲಿ ನಿಲ್ಲಿಸಿಕೊಂಡಿದ್ದಳು. ವತ್ಸಲಾ ಹೊರಗೆ ಬಂದದ್ದು ಕಂಡು ದೀಪ್ತಿಯನ್ನು ತನ್ನ ಬೆನ್ನ ಹಿಂದಕ್ಕೆ ಸರಿಸಿಕೊಂಡಳು. ಸರಿಯಾದದ್ದನ್ನೇ ಮಾಡಿದಳು, ಆದರೂ ವತ್ಸಲಾಳಿಗೆ ಎದೆ ಚುಳ್ ಎಂದಿತು.

"ಬೆಳಿಗ್ಗೆ ಎದ್ದಾಗ್ಲೇ ಗೊತ್ತಿತ್ತಾ ಮೇಡಂ?" ಎಂದು ಸುಮಾ ರಸ್ತೆಯ ಆ ಕಡೆಯಿಂದಲೇ ಕೇಳಿದಳು.

ಧೂಳಿನ ನೆಪ ನಾಲಿಗೆಯ ತುದಿಯಲ್ಲಿತ್ತು. ಎರಡು ಡೋಸೂ ಇತ್ತು, ಕಾಫಿಪುಡಿಯೂ ಇತ್ತು. ವತ್ಸಲಾ ಅವುಗಳಲ್ಲಿ ಒಂದನ್ನೂ ಹೇಳಲಿಲ್ಲ.

"ಗೊತ್ತಿತ್ತು, ಗಂಟಲು ಕೆರೀತಿತ್ತು. ಹೇಳಿದ್ರೆ ಶಾಲೆ ತೆಗೆಯೋಕಾಗಲ್ಲ ಅಂತ ಸುಮ್ನಿದ್ದೆ. ನಿಮ್ಮ ಮಗಳನ್ನ ವಾಪಸ್ ಕಳಿಸ್ದೆ, ನಾನು ಮಾತ್ರ ಒಳಗೇ ಉಳಿದೆ. ತಪ್ಪಾಯ್ತು."

ಸುಮಾ ಮಗಳ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡು, ಅವಳ ಕೈ ಹಿಡಿದು ಕ್ರಾಸಿನ ಕಡೆ ಹೊರಟಳು. ಸ್ವಲ್ಪ ದೂರ ಹೋದವಳು ನಿಂತು ತಿರುಗಿದಳು.

"ಹುಷಾರಾದ್ಮೇಲೆ ಫೋನ್ ಮಾಡಿ ಮೇಡಂ, ಕಳಿಸ್ತೀನಿ" ಎಂದಳು. "ಗೇಟಲ್ಲಿ ಮಾತ್ರ ನೀವೇ ನಿಂತಿರ್ಬೇಕು."