ರಸ್ತೆ ಕಡೆಯ ಕಿಟಕಿ

ಮಲಗುವ ಕೋಣೆಯಲ್ಲಿ ಕಿಟಕಿ ಇದ್ದ ಜಾಗಕ್ಕೆ ಮಗಳು ಪ್ಲಾಸ್ಟಿಕ್ ಹಾಳೆ ಹಿಡಿದು ಮೊಳೆ ಹೊಡೆಯುತ್ತಿದ್ದಳು. ಒಂದೊಂದು ಏಟಿಗೂ ನಡುಮನೆಯಲ್ಲಿ ಗಂಡನ ಶವದ ಪಕ್ಕ ಕೂತಿದ್ದ ತಾಯಿ ಬೆಚ್ಚಿಬೀಳುತ್ತಿದ್ದಳು. ಮನೆ ರಿಪೇರಿಗೆಂದು ಹಳೆಯ ಕಿಟಕಿ ಕಿತ್ತದ್ದು ನಿನ್ನೆ ಬೆಳಿಗ್ಗೆ. ಮನೆಯ ಯಜಮಾನ, ನಿವೃತ್ತ ಬಸ್ ಚಾಲಕ, ಎದೆ ಹಿಡಿದುಕೊಂಡು ಕುಸಿದದ್ದು ನಿನ್ನೆ ಸಂಜೆ.

ಕಿಟಕಿ ಮೇಸ್ತ್ರಿ ಹೊಸ್ತಿಲಾಚೆ ನಿಂತ. "ಹೊತ್ತಲ್ಲದ ಹೊತ್ತು, ಗೊತ್ತು ಅಮ್ಮ. ಆದ್ರೆ ರಸ್ತೆ ಪಕ್ಕದ ಕೋಣೆ, ಹೀಗೆ ಬಿಡೋಕೆ ಮನಸ್ಸು ಬರಲ್ಲ. ಎರಡೂ ತಂದಿದೀನಿ. ಯಾವುದು ಕೂರಿಸ್ಲಿ?"

"ಎರಡೂ ಅಂದ್ರೆ?" ಮಗಳು ಕೇಳಿದಳು.

"ಹೋದ ವಾರ ಬೆಳಿಗ್ಗೆ ಯಜಮಾನ್ರು ಫೋನ್ ಮಾಡಿ, ಹೊರಗೆ ತೆರೆಯೋ ಕಿಟಕಿ, ಬಾಗಿಲಿನ ಥರ ಬಿಚ್ಚೋ ಗ್ರಿಲ್ಲು ಅಂದ್ರು. ಮಧ್ಯಾಹ್ನ ಅಮ್ಮ ಫೋನ್ ಮಾಡಿ, ಸ್ಲೈಡಿಂಗು, ಗೋಡೆಗೇ ಬೋಲ್ಟ್ ಹಾಕೋ ಗ್ರಿಲ್ಲು ಅಂದ್ರು. 'ಅವರಿಗೆ ಹೇಳ್ಬೇಡ' ಅಂತ ಇಬ್ರೂ ಹೇಳಿದ್ರು."

ಶವದ ಕಾಲ ಬಳಿ ಅಳುತ್ತಿದ್ದ ಯಜಮಾನರ ತಂಗಿಗೂ ನಗು ತಡೆಯಲಾಗಲಿಲ್ಲ.

ಯಜಮಾನರ ಬಸ್ಸಿನಲ್ಲೇ ದುಡಿದಿದ್ದ ಕಂಡಕ್ಟರ್ ಮೂಗು ಒರೆಸಿಕೊಂಡ. "ಅವನದು ಅದೇ ಅಲ್ವಾ ಅತ್ತಿಗೆ. ಸಿನಿಮಾಕ್ಕೆ ಹೋದ್ರೂ ಹೊರಗೆ ಹೋಗೋ ಬಾಗಿಲು ಎಲ್ಲಿದೆ ಅಂತ ನೋಡೋನು. ಹೀರೋನ ಆಮೇಲೆ."

*

ವರ್ಷಗಳ ಹಿಂದೆ ಅವನು ಓಡಿಸುತ್ತಿದ್ದ ಬಸ್ಸು ತಿರುವಿನಲ್ಲಿ ಮಗ್ಗುಲಾಗಿ ಬಿದ್ದು, ಬಾಗಿಲು ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಒಳಗೆ ಹೊಗೆ. ಅವನು ಹಿಂದಿನ ಗಾಜು ಒದ್ದು ಒಡೆದು ಎಲ್ಲರನ್ನೂ ಹೊರಗೆ ಎಳೆದ. ಯಾರೂ ಸಾಯಲಿಲ್ಲ. ಅಂದಿನಿಂದ ಅವನು ಮಂಚದಲ್ಲಿ ಕಿಟಕಿಯ ಬದಿಗೇ ಮಲಗಿದ, ಅಷ್ಟೆ.

ಅವನಿಗೆ ರಾತ್ರಿ ಪಾಳಿ ಇದ್ದಾಗ ಹೆಂಡತಿ ಮಗುವನ್ನು ಅವುಚಿಕೊಂಡು ಅದೇ ಕಿಟಕಿಯನ್ನು ನೋಡುತ್ತ ಎಚ್ಚರವಿರುತ್ತಿದ್ದಳು.

"ಬಿಚ್ಚೋ ಗ್ರಿಲ್ಲಾದ್ರೆ ಕಳ್ಳ ಬರಲ್ವಾ?" ರಿಪೇರಿ ಮಾತು ಬಂದಾಗ ಅವಳು ಕೇಳಿದ್ದಳು.

"ಕಳ್ಳ ಬಂದ್ರೆ ಕಾಫಿ ಕೊಟ್ಟು ಕಳಿಸ್ಬಹುದು ಕಣೆ. ಬೆಂಕಿ ಬಂದ್ರೆ?"

*

ಅಂತ್ಯಕ್ರಿಯೆ ಮುಗಿಸಿ ಬಂದಾಗ ಹೊತ್ತು ಇಳಿಯುತ್ತಿತ್ತು. ಮೇಸ್ತ್ರಿ ಕಾದಿದ್ದ.

"ಅಪ್ಪ ಹೇಳಿದ್ದೇ ಇರ್ಲಿ ಬಿಡಮ್ಮ," ಎಂದಳು ಮಗಳು.

"ಅವರು ಪಕ್ಕದಲ್ಲಿದ್ದಾಗ ಹೇಗಿದ್ರೂ ನಡೀತಿತ್ತು. ಇನ್ಮೇಲೆ ಅಲ್ಲಿ ಮಲಗೋಳು ನಾನು. ನನಗೆ ಭಯ." ತಾಯಿ ಮೇಸ್ತ್ರಿಯ ಕಡೆ ತಿರುಗಿದಳು. "ಬೋಲ್ಟ್ ಹಾಕ್ಬಿಡಿ."

ಡ್ರಿಲ್ಲಿನ ಸದ್ದಿಗೆ ಗೋಡೆ ಅದುರಿತು. ಸಿಮೆಂಟ್ ಧೂಳು ಕೋಣೆ ತುಂಬಿತು. ಮೇಲಿನ ಬೋಲ್ಟುಗಳು ಬಿಗಿದ ಮೇಲೆ ಅವಳು ಕೆಮ್ಮುತ್ತ ಹತ್ತಿರ ಹೋಗಿ ಸರಳು ಹಿಡಿದು ಎಳೆದಳು. ಜಗ್ಗಲಿಲ್ಲ.

"ಆನೆ ಬಂದ್ರೂ ಅಲ್ಲಾಡಲ್ಲ ಅಮ್ಮ."

"ಒಳಗಿಂದ?"

"ಒಳಗಿಂದಾನೂ ಅಷ್ಟೆ," ಎಂದ ಮೇಸ್ತ್ರಿ, ಹೆಮ್ಮೆಯಿಂದ.

ಅವನು ಕೆಳಗಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದ. ಅವಳು ಗ್ರಿಲ್ಲಿನಿಂದ ಕಣ್ಣು ತೆಗೆಯದೆ ಒಂದೊಂದೇ ಹೆಜ್ಜೆ ಹಿಂದೆ ಸರಿದಳು. ಗಾಳಿಗೆ ಕೋಣೆಯ ಬಾಗಿಲು ತಾನಾಗಿ ಮುಚ್ಚಿಕೊಳ್ಳತೊಡಗಿತು. ಅವಳು ಬರಿಗಾಲನ್ನು ಹಿಂದಕ್ಕೆ ಚಾಚಿ ಸಂದಿಗೆ ಕೊಟ್ಟಳು. ಬಾಗಿಲು ಬಂದು ಬಡಿಯಿತು. ಅವಳು ಕಾಲು ತೆಗೆಯಲಿಲ್ಲ.