ಹ್ಞೂಂಗುಟ್ಟುವವರು

ದೀಪಾವಳಿಯಲ್ಲಿ ತಂಗಿ ದ್ರೌಪದಿ ಮೆಲುದನಿಯಲ್ಲಿ ಏನೋ ಹೇಳಿದಾಗ ಕಾಶೀಬಾಯಿ ಎಂದಿನಂತೆ ತಲೆಯಾಡಿಸಿ, "ಹ್ಞೂಂ, ಭಾಳ ಚಲೋ ಆತು" ಎಂದಿದ್ದಳು. ತಂಗಿ ಹೇಳಿದ್ದು ಎಮ್ಮೆ ಸತ್ತ ಸುದ್ದಿ. ಅಂದಿನಿಂದ ವಾಗದರಿಯ ತಂಗಿಯ ಮನೆಯಿಂದ ಸೋಲಾಪುರದ ಅಕ್ಕನ ಮನೆಗೆ ಹಿಡಿ ಶೇಂಗಾ ಸಹ ಬರಲಿಲ್ಲ.

ಕಿವಿ ಮಂದವಾದದ್ದನ್ನು ಕಾಶೀಬಾಯಿ ಯಾರ ಮುಂದೂ ಬಾಯಿಬಿಟ್ಟವಳಲ್ಲ. ಮಗ ಚಂದ್ರಶೇಖರ ಹೇಗೋ ಪತ್ತೆ ಹಚ್ಚಿ ಮುಂಬಯಿಯ ಕಂಪನಿಯೊಂದರಿಂದ ಕಿವಿಯ ಮಶೀನು ತರಿಸಿದ್ದ. ಈಗ ದ್ರೌಪದಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕರೆ ಬಂದಿತ್ತು. ಮಶೀನನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಹೋಗಿ, ಒಂದೊಂದು ಮಾತಿಗೂ ಸರಿಯಾದ ಉತ್ತರ ಕೊಟ್ಟು, ತಂಗಿಯ ಮುನಿಸು ಮುರಿಯಬೇಕೆಂದು ಅವಳ ಹಂಚಿಕೆ. ಇನ್ನು ಹತ್ತು ದಿನವಿದೆ ಎನ್ನುವಾಗ ಮಶೀನು ಕುಂಯ್ ಎಂದು ಸಿಳ್ಳು ಹಾಕಿ ಸುಮ್ಮನಾಯಿತು.

ಕಂಪನಿಯ ಫೋನು ಸದಾ ಎಂಗೇಜು. ಡಬ್ಬಿಯ ಮೇಲೆ ಈ-ಮೇಲ್ ವಿಳಾಸವಿತ್ತು. ಅದು ತೊಂಬತ್ತೊಂಬತ್ತನೆಯ ಇಸವಿ. ವಿಜಾಪುರ ರಸ್ತೆಯಲ್ಲಿ ತೇಜಸ ಎಂಬ ಹುರುಪಿನ ತರುಣ ಆಗಷ್ಟೇ ಇಂಟರ್‌ನೆಟ್ ಅಂಗಡಿ ತೆರೆದಿದ್ದ. ಚಂದ್ರಶೇಖರ ಅಲ್ಲಿಂದ ದೂರು ಕಳಿಸಿದ. ಎರಡೇ ನಿಮಿಷಕ್ಕೆ ಉತ್ತರ: ನಿಮ್ಮ ಮಾತು ನಮಗೆ ಮುಖ್ಯ, ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ಶೀಘ್ರವೇ ಸಂಪರ್ಕಿಸುತ್ತೇವೆ. ಸರಕಾರಿ ಗುಮಾಸ್ತನಾದ ಅವನು ಬೆರಗಾಗಿಹೋದ. ಅವನ ಕಚೇರಿಯಲ್ಲಿ ಫೈಲು ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗಲು ಮೂರು ತಿಂಗಳು ಬೇಕು.

ಮರುದಿನ ವಿವರವಾಗಿ ಬರೆದ. ಅದೇ ಉತ್ತರ. ಮೂರನೆಯ ದಿನ ಬೈದು ಬರೆದ. ಬೈದದ್ದಕ್ಕೂ ಅದೇ ವಿಷಾದ. ನಾಲ್ಕನೆಯ ದಿನ ತಾಯಿಯನ್ನೇ ಕರೆದುಕೊಂಡು ಹೋಗಿ, ಬಂದದ್ದನ್ನೆಲ್ಲ ಅವಳ ಬಲಗಿವಿಯಲ್ಲಿ ಕೂಗಿ ಹೇಳಿದ. ಕಾಶೀಬಾಯಿ ಇನ್ನೊಮ್ಮೆ ಹೇಳಿಸಿಕೊಂಡು ಕಿಸಕ್ಕನೆ ನಕ್ಕಳು.

"ಅವಗ ಕೇಳಸೂದಿಲ್ಲೋ ಚಂದೂ."

"ಯಾರಿಗವ್ವಾ?"

"ಉತ್ತರಾ ಬರಿಯಾಂವಗ. ಸುಮ್ಮ ಹ್ಞೂಂ ಅನ್ನಾಕತ್ತಾನ. ಮಶೀನ ಭಾಳ ಚಲೋ ಐತಿ, ನಿಮ್ಮ ಹೊಟ್ಟಿ ತಣ್ಣಗಿರ್ಲಿ ಅಂತ ಬರದ ನೋಡು."

ಬರೆದ. ಎರಡು ನಿಮಿಷಕ್ಕೆ ಉತ್ತರ ಬಂತು: ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ.

ತೇಜಸ ಕುರ್ಚಿಯಲ್ಲಿ ಹೊರಳಾಡಿ ನಕ್ಕ. "ಕಾಕಾ, ಅಲ್ಲಿ ಮನಷ್ಯಾರ ಇಲ್ರಿ, ಕಂಪ್ಯೂಟರೇ ಉತ್ತರಾ ಕೊಡತೈತಿ" ಎಂದ. ಕಾಶೀಬಾಯಿಯೂ ನಗುತ್ತಿದ್ದವಳು ನಡುವೆಯೇ ನಗು ನಿಲ್ಲಿಸಿದಳು. ಎಷ್ಟು ವರ್ಷ, ಎಷ್ಟು ಜನರಿಗೆ ತಾನು ಹೀಗೆಯೇ ಉತ್ತರ ಕೊಟ್ಟೆನೋ ಎಂಬುದು ಅವಳಿಗೆ ಒಮ್ಮೆಲೇ ಹೊಳೆಯಿತು.

ಮಶೀನು ರಿಪೇರಿಯಾಗಲಿಲ್ಲ. ಅಕ್ಕಲಕೋಟೆಯಲ್ಲಿ ಬಸ್ಸು ಬದಲಿಸಿ ಬರಿಗಿವಿಯಲ್ಲೇ ವಾಗದರಿಗೆ ಹೋದಳು. ತೊಟ್ಟಿಲ ಗದ್ದಲ ಮುಗಿದು ಹೆಂಗಸರು ಎದ್ದುಹೋದ ಮೇಲೆ, ದ್ರೌಪದಿ ನೆಲ ನೋಡುತ್ತ ಏನೋ ಅಂದಳು. ಕಾಶೀಬಾಯಿಯ ಕುತ್ತಿಗೆ ತಾನಾಗಿ ಆಡತೊಡಗಿತು. ಅದನ್ನು ತಡೆದಳು.

"ಕೇಳಿಸ್ಲಿಲ್ಲ ದ್ರೌಪದಿ. ಭಾಳ ದಿನಾ ಆತು, ನನಗ ಕಿವಿ ಕೇಳಸೂದಿಲ್ಲ. ಇನ್ನೊಮ್ಮೆ ಹೇಳು."

ದ್ರೌಪದಿ ತಲೆಯೆತ್ತಿ ಅಕ್ಕನ ಮುಖ ನೋಡಿದಳು. ಆಮೇಲೆ ಮಣೆ ಎಳೆದುಕೊಂಡು ಒತ್ತಿ ಕೂತು, ದೀಪಾವಳಿಯಿಂದ ಹಿಡಿದು ಎಲ್ಲವನ್ನೂ ಮೊದಲಿನಿಂದ ಶುರುಮಾಡಿದಳು. ಅಕ್ಕ ಒಂದೊಂದು ಮಾತನ್ನೂ ಎರಡೆರಡು ಸಲ ಹೇಳಿಸಿಕೊಂಡಳು. ದನಿ ಎಷ್ಟು ಏರಿತೆಂದರೆ, ಅಕ್ಕತಂಗಿಯರು ಮತ್ತೆ ಜಗಳಕ್ಕೆ ಬಿದ್ದರೆಂದು ಪಕ್ಕದ ಮನೆಯ ಗಿರಿಜಾಬಾಯಿ ಬಿಡಿಸಲು ಓಡಿಬಂದಳು.