ಅತ್ತಿಗೆಯ ನಂಬರು ಮೇಲೆ, ನನ್ನದು ಕೆಳಗೆ

ನನಗೂ ನನ್ನ ಅತ್ತಿಗೆಗೂ ಸೇರಿ ಫೋನು ಒಂದೇ, ನಂಬರು ಮಾತ್ರ ಎರಡು. ಮೇಲಿನ ಸಿಮ್ಮು ಅತ್ತಿಗೆಯದು, ಕೆಳಗಿನದು ನನ್ನದು. ಹಿರಿಯರು ಮೇಲಿರಲಿ ಎಂದು ಅಣ್ಣ ಹಾಗೆ ಹಾಕಿಕೊಟ್ಟ. ಮನೆಯಲ್ಲಿ ಅವನು ಪಾಲಿಸಿದ ಮರ್ಯಾದೆ ಅದೊಂದೇ.

ನನ್ನದೇ ಆದ ಫೋನು ಎರಡು ವರ್ಷದ ಹಿಂದೆ ಇಸ್ತ್ರಿಗೆ ಇಟ್ಟಿದ್ದ ನೀರಿನ ಬೋಗುಣಿಗೆ ಬಿದ್ದು ತೀರಿಕೊಂಡಿತು. ಅಣ್ಣ ಲಾರಿ ಓಡಿಸುವವನು, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಅವತ್ತು ಇದ್ದ. "ಇವಳ ಫೋನಲ್ಲಿ ಇನ್ನೊಂದು ಸಿಮ್ಮಿಗೆ ಜಾಗ ಖಾಲಿ ಇದೆ. ಸದ್ಯಕ್ಕೆ ಅಲ್ಲಿರಲಿ" ಅಂದ. ಆ ಸದ್ಯಕ್ಕೆ ಇನ್ನೂ ಮುಗಿದಿಲ್ಲ. ನಾನೂ ಬೇರೆ ಫೋನು ಕೊಳ್ಳಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಕೋಣೆಯಲ್ಲಿ ಪರದೆ ಹೊಲಿಯುವ ಇಬ್ಬರು, ಒಂದೇ ಅಡುಗೆಮನೆಯಲ್ಲಿ ಉಣ್ಣುವವರು. ಅತ್ತಿಗೆ ಕೇಳಬಾರದ ಮಾತು ನನಗೆ ಯಾರು ಆಡಬೇಕು? ನಲವತ್ತನಾಲ್ಕು ವರ್ಷ ಯಾರೂ ಆಡಿರಲಿಲ್ಲ.

ತಕರಾರು ಇದ್ದದ್ದು ಸಿಮ್ಮಿನ ಕಂಪನಿಗಳದು. ಅತ್ತಿಗೆಯದು ಒಂದು, ನನ್ನದು ಇನ್ನೊಂದು. ನಮ್ಮ ಕೆಲಸದ ಕೋಣೆ ಎರಡನೆಯ ಮಹಡಿಯಲ್ಲಿ, ಉದ್ದಕ್ಕೆ ರೈಲು ಡಬ್ಬಿಯ ಹಾಗಿದೆ. ಈ ತುದಿಗೆ ಬೀದಿ ನೋಡುವ ಕಿಟಕಿ, ಆ ತುದಿಗೆ ಇಸ್ತ್ರಿ ಮೇಜು. ನನ್ನ ಕಂಪನಿಗೆ ಕಿಟಕಿಯ ಹತ್ತಿರ ಮಾತ್ರ ಸಿಗ್ನಲ್ಲು, ಅತ್ತಿಗೆಯ ಕಂಪನಿಗೆ ಇಸ್ತ್ರಿ ಮೇಜಿನ ಮೇಲೆ ಮಾತ್ರ. ನ್ಯಾಯವಾಗಿ ನಡುವೆ ಇಡೋಣವೆಂದರೆ ಎರಡೂ ಇಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗೆ. ಸಾಲದ್ದಕ್ಕೆ ಅವರು ಮಾತಾಡುತ್ತಿರುವಷ್ಟು ಹೊತ್ತು ನನ್ನ ನಂಬರಿಗೆ ಯಾರು ಮಾಡಿದರೂ ಸಿಗುವುದಿಲ್ಲ. ಅತ್ತಿಗೆ ಚುಟುಕಾಗಿ ಮಾತಾಡುವವರೇನಲ್ಲ.

ಅದಕ್ಕೇ ಒಂದು ಒಪ್ಪಂದ ಮಾಡಿಕೊಂಡಿದ್ದೆವು. ಊಟಕ್ಕೆ ಮೊದಲು ಫೋನು ಇಸ್ತ್ರಿ ಮೇಜಿಗೆ, ಊಟವಾದ ಮೇಲೆ ಕಿಟಕಿಗೆ. ಅಂಗಡಿಯ ಬೋರ್ಡಿನ ಮೇಲೆ ಇರುವುದು ಅತ್ತಿಗೆಯ ನಂಬರು, ಗಿರಾಕಿಗಳು ಬೆಳಿಗ್ಗೆಯೇ ಮಾಡುತ್ತಾರೆ. ನನಗೆ ಮಧ್ಯಾಹ್ನ ಬರುತ್ತಿದ್ದ ಕರೆಗಳೆಂದರೆ ಕಂಪನಿಯವರದೇ, ಹಾಡು ಹಾಕಿಸಿಕೊಳ್ಳಿ ಅಂತ. "ನಿನ್ನ ಕಂಪನಿಯವರಿಗಾದರೂ ನಿನ್ನ ಮೇಲೆ ಪ್ರೀತಿ ಇದೆಯಲ್ಲ ಪುಟ್ಟಿ" ಎಂದು ಅತ್ತಿಗೆ ಆಡಿಕೊಳ್ಳುತ್ತಿದ್ದರು. ತಲೆ ನೆರೆತರೂ ನಾನು ಅವರಿಗೆ ಪುಟ್ಟಿಯೇ.

ಹೊಲಿಗೆ ಮಿಷಿನ್ ಮೆಕ್ಯಾನಿಕ್ ತಿಂಗಳಿಗೊಮ್ಮೆ, ಎರಡನೆಯ ಮಂಗಳವಾರ ಬರುತ್ತಿದ್ದ. ಮಿಷಿನ್ ಗಟ್ಟಿಮುಟ್ಟಾಗಿಯೇ ಇರುತ್ತಿತ್ತು. ಆದರೂ ಬರುತ್ತಿದ್ದ, ಎಣ್ಣೆ ಬಿಡುತ್ತಿದ್ದ, ಬೆಲ್ಟು ಬಿಗಿ ಮಾಡಿ ಮತ್ತೆ ಸಡಿಲ ಮಾಡುತ್ತಿದ್ದ, ಚಹಾ ಕುಡಿದು ಹೋಗುತ್ತಿದ್ದ. ಅತ್ತಿಗೆ ಅವನಿಗೆ ಎಣ್ಣೆಡಬ್ಬಿ ಎಂದು ಹೆಸರಿಟ್ಟಿದ್ದರು. "ಇಷ್ಟು ಎಣ್ಣೆ ಕುಡಿದ ಮಿಷಿನ್ನು ಹೊಲಿಯೋದಲ್ಲ, ಜಾರಿ ಬೀದಿಗೆ ಹೋಗುತ್ತೆ" ಅನ್ನುತ್ತಿದ್ದರು. ನಾನು ತಲೆ ತಗ್ಗಿಸಿ ಅಂಚು ಮಡಿಸುತ್ತಿದ್ದೆ. ಮಡಿಕೆ ಸೊಟ್ಟಗಾಗುತ್ತಿತ್ತು, ಅದನ್ನೂ ಅತ್ತಿಗೆ ನೋಡುತ್ತಿದ್ದರು.

ಕಳೆದ ಮಂಗಳವಾರ ಅವನು ಬಂದಾಗ ಅತ್ತಿಗೆ ಪರದೆ ಬಟ್ಟೆ ಆರಿಸಲು ಪೇಟೆಗೆ ಹೋಗಿದ್ದರು. ಅವನು ಮಿಷಿನ್ ಕೆಳಗೆ ಅಂಗಾತ ಮಲಗಿ, ನಾನು ಕಾಣದ ಕಡೆ ಮುಖ ಮಾಡಿ ಮಾತು ಶುರುಮಾಡಿದ.

"ಬಂದರಿನ ಊರಲ್ಲಿ ದೊಡ್ಡ ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಮನೆ ನೋಡ್ಕೊಂಡು ಬಂದೆ. ಒಂದು ಕೋಣೆಯದೂ ಇದೆ, ಎರಡು ಕೋಣೆಯದೂ ಇದೆ. ಮನೆ ಮಾಲೀಕರು ಇದೇ ಊರಲ್ಲಿದ್ದಾರೆ, ಶುಕ್ರವಾರ ಸಂಜೆ ಐದರೊಳಗೆ ಯಾವುದು ಅಂತ ಅವರಿಗೆ ಹೇಳಬೇಕು."

"ನಿಮಗೆ ಎಷ್ಟು ಬೇಕೋ ಅಷ್ಟು ತಗೊಳ್ಳಿ. ನನ್ನ ಯಾಕೆ ಕೇಳ್ತೀರಿ?" ಅಂದೆ.

"ಅದನ್ನೇ ನಿಮ್ಮನ್ನ ಕೇಳ್ತಾ ಇರೋದು" ಎಂದು ಎದ್ದು ಕೂರಲು ಹೋಗಿ ಮೇಜಿಗೆ ತಲೆ ಚಚ್ಚಿಕೊಂಡ. ತಲೆ ಹಿಡಿದುಕೊಂಡೇ, "ಈಗಲೇ ಹೇಳಬೇಡಿ. ಗುರುವಾರ ಫೋನ್ ಮಾಡ್ತೀನಿ" ಎಂದು ಚಹಾ ಕೂಡ ಕುಡಿಯದೆ ಮೆಟ್ಟಿಲಿಳಿದು ಹೋದ.

ಮದುವೆಯಾಗುತ್ತೀಯಾ ಎಂದು ಹೀಗೂ ಕೇಳಬಹುದು ಅನ್ನುವುದು ಅರ್ಥವಾಗಲು ನನಗೆ ಹತ್ತು ನಿಮಿಷ ಬೇಕಾಯಿತು. ಅರ್ಥವಾದ ಕೂಡಲೇ ಮನಸ್ಸು ಹೂಂ ಅಂದಿತು. ಸುಳ್ಳು ಯಾಕೆ ಹೇಳಲಿ, ಹಾಲು ಕುಡಿದಷ್ಟು ಸಂತೋಷವಾಯಿತು. ಆಮೇಲೆ ನಮ್ಮ ಕೆಲಸದ ಕೋಣೆ ನೋಡಿದೆ. ಎಂಟು ಅಡಿ ಅಗಲದ ಪರದೆ ಹೊಲಿಯಲು ನಾಲ್ಕು ಕೈ ಬೇಕು. ಒಬ್ಬರು ಸೂಜಿಗೆ ಬಟ್ಟೆ ಕೊಡಬೇಕು, ಇನ್ನೊಬ್ಬರು ಹಿಂದೆ ನಿಂತು ಭಾರ ಹಿಡಿದು ಎಳೆಯಬೇಕು. ಹದಿನಾರು ವರ್ಷ ಅತ್ತಿಗೆ ಮುಂದೆ, ನಾನು ಹಿಂದೆ. ನಾನು ಹೋದರೆ ಅವರು ಒಂಟಿಯಾಗಿ ಎಳೆಯಬೇಕು, ಇಲ್ಲ ಬಾಗಿಲು ಹಾಕಬೇಕು. ಇದನ್ನು ಅವರಿಗೆ ಹೇಗೆ ಹೇಳುವುದು? ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳಂತೆ ನುಂಗಲೂ ಆಗದೆ ಉಗುಳಲೂ ಆಗದೆ ಬುಧವಾರ ಕಳೆದೆ.

ಗುರುವಾರ ಬೆಳಿಗ್ಗೆಯೇ ಫೋನನ್ನು ಕಿಟಕಿಗೆ ಇಟ್ಟೆ. ಯಾವ ಹೊತ್ತಿಗೆ ಮಾಡುತ್ತೇನೆಂದು ಆ ಮಹಾರಾಯ ಹೇಳಿರಲಿಲ್ಲ.

"ಇದೇನೇ, ಊಟಕ್ಕೆ ಮುಂಚೆನೇ ಕಿಟಕಿಗೆ ಹೋಗಿದೆ?"

"ನೂಲಿನ ಅಂಗಡಿಯವರು ಮಾಡ್ತೀನಿ ಅಂದಿದ್ರು ಅತ್ತಿಗೆ."

"ನೂಲಿನ ಅಂಗಡಿ ಕೆಳಗೇ ಇದೆ. ಕೂಗಿದ್ರೆ ಕೇಳುತ್ತೆ" ಎಂದು ಫೋನನ್ನು ಇಸ್ತ್ರಿ ಮೇಜಿಗೆ ಒಯ್ದರು. ಅವರು ಬಚ್ಚಲಿಗೆ ಹೋದಾಗ ನಾನು ಮತ್ತೆ ಕಿಟಕಿಗೆ ತಂದೆ. ನಾನು ಕೈ ತೊಳೆದು ಬರುವಷ್ಟರಲ್ಲಿ ಮತ್ತೆ ಇಸ್ತ್ರಿ ಮೇಜು. ಊಟವಾಯಿತು. ಒಪ್ಪಂದದ ಪ್ರಕಾರ ಅದು ನನ್ನ ಹೊತ್ತು. "ಬಿಸಿಲಿಗೆ ಬೆಂದು ಹೋಗುತ್ತೆ ಕಣೇ ಫೋನು" ಎಂದು ಆಗಲೂ ಎತ್ತಿಕೊಂಡರು. ಹೊರಗೆ ಮೋಡ ಮುಚ್ಚಿತ್ತು. ಮೂರು ಗಂಟೆಗೆ ಯಾರೋ ಶಾಲೆಯ ಗಿರಾಕಿ ಮಾಡಿದ್ದಾರೆ ಎಂದು ಹೇಳಿ ಇಸ್ತ್ರಿ ಮೇಜಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡು ಅರ್ಧ ಗಂಟೆ ಪಿಸುಪಿಸು ಮಾತಾಡಿದರು. ಶಾಲೆಯ ಪರದೆಗೆ ಪಿಸುಮಾತು ಯಾಕೆ ಎಂದು ನನಗೆ ಹೊಳೆಯಲೇ ಇಲ್ಲ. ಆ ಅರ್ಧ ಗಂಟೆಯೂ ನನ್ನ ನಂಬರು ಸತ್ತಿದೆಯಲ್ಲ ಎಂದು ಹೊಟ್ಟೆ ಉರಿಯಿತು, ಅಷ್ಟೇ.

ಗುರುವಾರ ಕರೆ ಬರಲಿಲ್ಲ.

ಶುಕ್ರವಾರವೂ ಅದೇ ಆಟ. ನಾನು ಇಡುವುದು, ಅವರು ಎತ್ತುವುದು. ನೂಲು ಮುಗಿದಿದೆ ಎಂದು ನನ್ನನ್ನು ಕೆಳಗೆ ಅಟ್ಟಿದರು. ತಂದು ನೋಡಿದರೆ ಅದೇ ಬಣ್ಣದ ನೂಲು ಡಬ್ಬದಲ್ಲಿ ಎರಡು ಉಂಡೆ ಇತ್ತು. ಆಗ ನನಗೆ ಖಾತ್ರಿಯಾಯಿತು. ಅತ್ತಿಗೆಗೆ ವಿಷಯ ಗೊತ್ತಾಗಿದೆ, ನಾನು ಹೋದರೆ ಅಂಗಡಿ ಮುಚ್ಚಬೇಕಾಗುತ್ತದೆ, ಅದಕ್ಕೇ ಅವನ ಕರೆ ನನಗೆ ತಲುಪದಂತೆ ಫೋನನ್ನು ಕಾಯುತ್ತಿದ್ದಾರೆ. ತಾಯಿಯಂತೆ ನೋಡಿಕೊಂಡವರು ಹೀಗೆ ಮಾಡಬಹುದೇ? ನನಗೆ ಎಷ್ಟು ಸಿಟ್ಟು ಬಂತೆಂದರೆ ಪರದೆಯ ಭಾರ ಹಿಡಿಯದೆ ಬಿಟ್ಟುಬಿಟ್ಟೆ. ಹೊಲಿಗೆ ಹಾವಿನ ಹಾಗೆ ಓಡಿತು. ಅತ್ತಿಗೆ ಬೈಯಲಿಲ್ಲ, ಬಿಚ್ಚಲು ಕೂತರು.

ನಾಲ್ಕೂವರೆಗೆ ಅವರು ಚಹಾ ಮಾಡಲು ಎದ್ದು ಹೋದರು. ಇನ್ನು ಅರ್ಧ ಗಂಟೆ. ಬರದಿದ್ದರೆ ಹೋಗಲಿ, ನಾನೇ ಮಾಡುತ್ತೇನೆ ಎಂದು ಇಸ್ತ್ರಿ ಮೇಜಿನ ಮೇಲಿದ್ದ ಫೋನನ್ನು ಎತ್ತಿಕೊಂಡೆ. ಕಿಟಕಿಗೆ ಹೋಗುವಷ್ಟು ತಾಳ್ಮೆಯೂ ಇರಲಿಲ್ಲ, ಅಲ್ಲೇ ನಿಂತು ಮೆಕ್ಯಾನಿಕ್ ಅನ್ನುವ ಹೆಸರು ಒತ್ತಿದೆ. ಯಾವ ಸಿಮ್ಮಿನಿಂದ ಎಂದು ಫೋನು ಕೇಳಿತು. ಅದು ಕೇಳುವ ಹೊತ್ತೇ? ಅವಸರದಲ್ಲಿ ಬೆರಳು ಮೇಲಿನದಕ್ಕೆ ಬಿತ್ತು, ನಾನು ನೋಡಲೂ ಇಲ್ಲ.

ಒಂದೇ ರಿಂಗಿಗೆ ಎತ್ತಿದ. ನಾನು ಬಾಯಿ ತೆರೆಯುವ ಮೊದಲೇ ಅವನ ಮಾತು ನಲ್ಲಿ ಬಿಟ್ಟ ಹಾಗೆ ಶುರುವಾಯಿತು.

"ಹೇಳಿ ಅಕ್ಕಾ! ಇನ್ನೂ ಅವರು ಏನೂ ಅಂದಿಲ್ವಾ? ಬುಧವಾರ ನಾನು ವಿಷಯ ತಿಳಿಸಿದಾಗ ನೀವು ಹೇಳಿದ ಹಾಗೆ ನಾನು ಫೋನ್ ಮಾಡೇ ಇಲ್ಲ. 'ನೀನಾಗಿ ಕೇಳಿದ್ರೆ ನನ್ನ ಮುಖ ನೋಡಿ ಬೇಡ ಅಂದ್ಬಿಡ್ತಾಳೆ, ಅವಳಿಗೇ ತಡೆಯೋಕಾಗದೆ ಅವಳೇ ಮಾಡ್ಲಿ' ಅಂದ್ರಲ್ಲ. ಆದ್ರೆ ಐದು ಗಂಟೆ ಆಗ್ತಾ ಬಂತು. ನಿನ್ನೆ ಒಂಬತ್ತು ಸಲ ಫೋನು ಕಿಟಕಿಗೆ ಇಟ್ರು, ಇವತ್ತು ಮಧ್ಯಾಹ್ನದೊಳಗೆ ಆರು ಸಲ ಅಂದ್ರಿ. ಹದಿನೈದು ಸಲ ಅಂದ್ರೆ ಹೂಂ ಅಂತಾನೇ ಅಲ್ವಾ ಅಕ್ಕಾ?"

ನಾನು ಮೇಜು ಹಿಡಿದುಕೊಂಡೆ. ಲೆಕ್ಕ ಸರಿಯಾಗಿತ್ತು.

"ಇನ್ನೊಂದು ಕೇಳ್ಬೇಕಿತ್ತು" ಅವನ ದನಿ ಇಳಿಯಿತು. "'ಪರದೆ ಕೆಲಸಕ್ಕೆ ಬೇರೆ ಹೆಂಗಸು ಸಿಕ್ಕಿದ್ದಾಳೆ, ನೀನು ಯೋಚನೆ ಮಾಡಬೇಡ' ಅಂದ್ರಲ್ಲ, ಅದು ನಿಜಾನಾ? ಇಲ್ಲ ನನ್ನ ಸಮಾಧಾನಕ್ಕೆ ಹೇಳಿದ್ರಾ? ಯಾಕಂದ್ರೆ ಅವರು ಹೂಂ ಅಂದ್ರೆ ನಿಮಗೇ ಕಷ್ಟ ಅಕ್ಕಾ. ನಂಗೆ ಅದೊಂದು ಮನಸ್ಸಿಗೆ ಚುಚ್ತಾ ಇದೆ."

ಬೇರೆ ಹೆಂಗಸು! ಈ ಕೋಣೆಗೆ ಬೇರೆ ಹೆಂಗಸೇನು, ಬೇರೆ ಬೆಕ್ಕೂ ಬಂದಿರಲಿಲ್ಲ. ಎರಡು ದಿನದಿಂದ ಅತ್ತಿಗೆಯ ಬಗ್ಗೆ ನಾನು ಯೋಚಿಸಿದ್ದೆಲ್ಲ ಒಮ್ಮೆಲೇ ನೆನಪಾಗಿ ನಾಚಿಕೆಯಿಂದ ಮುಖ ಸುಟ್ಟಿತು.

"ಅಕ್ಕ ಅಲ್ಲ, ನಾನು" ಅಂದೆ.

ಆ ಕಡೆ ಕಬ್ಬಿಣದ್ದೇನೋ ನೆಲಕ್ಕೆ ಬಿದ್ದ ಸದ್ದಾಯಿತು.

"ಎರಡು ಕೋಣೆಯದನ್ನೇ ತಗೊಳ್ಳಿ" ಎಂದೆ. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ. "ಎರಡು ಕೋಣೆಯದು. ಈಗಲೇ ಹೋಗಿ ಹೇಳಿ. ಐದಾದರೆ ಆಮೇಲೆ ನನ್ನ ಅನ್ನಬೇಡಿ."

"ಹೋದೆ, ಹೋದೆ" ಎಂದ. ಫೋನು ಇಡುವುದನ್ನೂ ಮರೆತು ಓಡಿದ. ಅವನ ಚಪ್ಪಲಿಯ ಸದ್ದು ಎರಡು ಮೆಟ್ಟಿಲಿಗಾಗುವಷ್ಟು ಕೇಳಿಸಿತು.

ತಿರುಗಿದರೆ ಬಾಗಿಲಲ್ಲಿ ಎರಡು ಲೋಟ ಹಿಡಿದು ಅತ್ತಿಗೆ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ನಾನು ಕಾದೆ. ಹದಿನಾರು ವರ್ಷದಲ್ಲಿ ನನ್ನನ್ನು ಆಡಿಕೊಳ್ಳಲು ಇಂಥ ಅವಕಾಶ ಅವರಿಗೆ ಸಿಕ್ಕಿರಲಿಲ್ಲ. ಎಣ್ಣೆಡಬ್ಬಿ ಅನ್ನಬಹುದಿತ್ತು, ನೂಲಿನ ಅಂಗಡಿ ಅನ್ನಬಹುದಿತ್ತು. ಏನೂ ಅನ್ನಲಿಲ್ಲ. ಲೋಟಗಳನ್ನು ಇಟ್ಟು, ಹೊಲಿಗೆ ಬಿಚ್ಚಿದ್ದ ಪರದೆಯನ್ನು ಎತ್ತಿಕೊಂಡು ಒಬ್ಬರೇ ಮಡಿಸಲು ನೋಡಿದರು. ಅದು ಅವರ ಕೈಗೆ ಬಗ್ಗದೆ ಒಂದು ತುದಿ ನೆಲಕ್ಕೆ ಜಾರುತ್ತಲೇ ಇತ್ತು. ಅವರು ಆಡಿಕೊಳ್ಳದೆ ಸುಮ್ಮನಿದ್ದದ್ದನ್ನೇ ನನಗೆ ತಡೆಯಲಾಗಲಿಲ್ಲ. ಹೋಗಿ ಆ ತುದಿ ಹಿಡಿದುಕೊಂಡೆ.

"ಬೇರೆ ಹೆಂಗಸು ಸಿಕ್ಕಿದ್ದಾಳಂತೆ. ಯಾರು ಅತ್ತಿಗೆ?"

"ಸಿಗ್ತಾಳೆ."

"ಯಾವಾಗ?"

"ನೀನು ಹೋದ ಮೇಲೆ ಹುಡುಕ್ತೀನಿ. ಮುಂಚೆನೇ ಹುಡುಕಿದ್ರೆ ನಿಂಗೆ ಗೊತ್ತಾಗ್ತಿತ್ತು. ಗೊತ್ತಾದ್ರೆ, ಬೇಡ ನಾನೇ ಇರ್ತೀನಿ ಅಂತಿದ್ದೆ. ನಿನ್ನ ಬುದ್ಧಿ ನಂಗೊತ್ತಿಲ್ವಾ?"

"ನೀವು ಫೋನು ಎತ್ತಿಡೋದು ನೋಡಿ ನಾನು ಏನೇನೋ ಅಂದ್ಕೊಂಡೆ ಅತ್ತಿಗೆ. ಕೆಟ್ಟದ್ದೇ ಅಂದ್ಕೊಂಡೆ."

"ಅಂದ್ಕೊಳ್ಳಲಿ ಅಂತಾನೇ ಎತ್ತಿಟ್ಟಿದ್ದು. ನನ್ನ ಮೇಲೆ ಸಿಟ್ಟು ಬರದೇ ಇದ್ರೆ ನೀನು ಜನ್ಮದಲ್ಲಿ ಆ ಫೋನ್ ಮಾಡ್ತಿರಲಿಲ್ಲ."

ಇಬ್ಬರೂ ಪರದೆಯ ಎರಡು ತುದಿ ಹಿಡಿದು ಮಡಿಸುತ್ತಾ ಹತ್ತಿರ ಬಂದೆವು. ಅವರ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. "ಏನಾದರೂ ಅನ್ನಿ ಅತ್ತಿಗೆ. ಹೀಗೆ ಸುಮ್ಮನಿರಬೇಡಿ. ಯಾವಾಗಲೂ ಅನ್ನೋ ಹಾಗೆ ಏನಾದರೂ ಅನ್ನಿ."

ಅವರು ನನ್ನ ಕೈಯಲ್ಲಿದ್ದ ತುದಿಯನ್ನು ತೆಗೆದುಕೊಂಡರು.

"ನೀನು ಗೊರಕೆ ಹೊಡೀತೀಯ ಅಂತ ಅವನಿಗೆ ಹೇಳಿಲ್ಲ" ಅಂದರು. "ಹೇಳಿದ್ರೆ ಮೂರು ಕೋಣೆಯದು ಹುಡುಕ್ತಿದ್ದ."

ನಗು ಬಂತು, ಜೊತೆಗೇ ಅಳುವೂ ಬಂತು. ಕೈಗೆ ಸಿಕ್ಕಿದ್ದು ಆ ಪರದೆಯೊಂದೇ, ಇಬ್ಬರೂ ಅದರಲ್ಲೇ ಕಣ್ಣೊರೆಸಿಕೊಂಡೆವು. ಮರುದಿನ ಗಿರಾಕಿಗೆ ಕೊಡುವ ಮೊದಲು ಅದನ್ನು ಮತ್ತೆ ಹೊಲಿದು, ತೊಳೆದು ಇಸ್ತ್ರಿ ಮಾಡಬೇಕಾಯಿತು. ನೀರು ಚಿಮುಕಿಸುವಾಗಲೂ ಅತ್ತಿಗೆ ಇನ್ನೊಂದು ಕೈಯಲ್ಲಿ ನನ್ನ ಕೈ ಹಿಡಿದುಕೊಂಡೇ ಇದ್ದರು.